ಒಳಗೆ ಸರಿದ ಸಾಲು

ಬಿಸಿ ಜೆರಾಕ್ಸ್ ಹಾಳೆಯ ವಾಸನೆ ಬಂದರೆ ನನಗೆ ಇವತ್ತಿಗೂ ಶನಿವಾರ ನೆನಪಾಗುತ್ತದೆ. ಕೊಟ್ಟೂರಿನಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟ ಹೊಸತು. ಮರುದಿನದ ಆರಾಧನೆಯ ಕ್ರಮವನ್ನು ಟೈಪ್ ಮಾಡಿಸಿ, ಸಭೆಯವರಿಗೆ ಹಂಚಲು ಜೆರಾಕ್ಸ್ ತೆಗೆಸಲು ಚರ್ಚಿನ ಪಾಸ್ಟರು ಪ್ರತಿ ಶನಿವಾರ ಬರುತ್ತಿದ್ದರು. ಮೊದಲ ಸಲ, ಲಗ್ನಪತ್ರಿಕೆ ಮಾಡಿದ ರೂಢಿಯಲ್ಲಿ ಹಾಳೆಯ ನೆತ್ತಿಗೆ ‘ಶ್ರೀ’ ಹಾಕಿಬಿಟ್ಟಿದ್ದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಅವರ ಕಟ್ಟುನಿಟ್ಟೆಲ್ಲ ಸಾಲುಗಳ ಜಾಗದ ಬಗ್ಗೆ. ಸ್ತುತಿ, ಪಾಪನಿವೇದನೆ, ಆಶೀರ್ವಾದ ಎಂಬ ತಲೆಬರಹಗಳು ದಪ್ಪಕ್ಷರದಲ್ಲಿರಬೇಕು. ಪಾಸ್ಟರ ಮಾತು ಅಂಚಿನಿಂದ ಶುರುವಾಗಬೇಕು. ಸಭೆಯವರು ಹೇಳುವುದು ಅಂಚಿನಿಂದ ಒಂದು ಟ್ಯಾಬ್ ಒತ್ತಿದಷ್ಟು ಒಳಗೆ. “ಎಲ್ಲಾರಿಗೂ ಸರಾಗ ಓದಾಕ ಬರಂಗಿಲ್ಲ ತಂಗಿ. ಸಾಲು ಒಳಗ ಇತ್ತಂದ್ರ ತಮ್ಮ ಪಾಳಿ ಅಂತ ಗೊತ್ತಾಗತೈತಿ,” ಎನ್ನುತ್ತಿದ್ದರು. ಕೂದಲೆಳೆಯಷ್ಟು ಆಚೀಚೆಯಾದರೂ ಬಿಡುತ್ತಿರಲಿಲ್ಲ. ನನಗೆ ಒಮ್ಮೊಮ್ಮೆ ರೇಗಿಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರ ದನಿ ಒಡೆಯಿತು. ಧೂಳು ಎಂದರು ಅವರು. ಗಂಟಲ ಕ್ಯಾನ್ಸರ್ ಎಂದರು ದಾವಣಗೆರೆಯ ಡಾಕ್ಟರು. ಅಲ್ಲಿಂದ ವಾರವಾರವೂ ಅವರ ಸಾಲುಗಳು ಒಳಗೆ ಸರಿದು ಸಭೆಯ ಪಾಲಾಗತೊಡಗಿದವು... ಬೇರೆ ಯಾರನ್ನಾದರೂ ಕರೆಸಬಾರದೇ ಎಂದು ಕೇಳಿದರೆ ಪರದೆಯ ಮೇಲಿನ ಇನ್ನೊಂದು ಸಾಲಿಗೆ ಬೆರಳಿಟ್ಟರು. ಕೊನೆಗೆ ಅಂಚಿನಲ್ಲಿ ಉಳಿದದ್ದು ಆಶೀರ್ವಾದದ ಕೆಳಗಿನ ಒಂದೇ ಸಾಲು: ‘ದೇವರು ನಿಮ್ಮನ್ನು ಹರಸಲಿ.’

ಒಂದು ಶನಿವಾರ ಅದರ ಮೇಲೂ ಬೆರಳಿಟ್ಟು, ಒಳಕ್ಕೆ ಸರಿಸು ಎಂದು ಸನ್ನೆ ಮಾಡಿದರು. ಸರಿಸಿದೆ. ಆದರೆ ಸಭೆಯೇ ಹೇಳುವುದಾದರೆ ‘ನಿಮ್ಮನ್ನು’ ಹೋಗಿ ‘ನಮ್ಮನ್ನು’ ಆಗಬೇಕಲ್ಲ? ಒಂದು ಗುಡಿಸು ತೆಗೆದರೆ ಮುಗಿಯಿತು. “ತಗೀಲೇನ್ರಿ?” ಎಂದೆ.

ಬೇಡವೆಂದು ತಲೆಯಾಡಿಸಿದರು. ಬಗ್ಗಿ ಕಿವಿ ಕೊಟ್ಟರಷ್ಟೇ ಕೇಳುವ ದನಿಯಲ್ಲಿ, “ಹಂಗ ಇರ್ಲಿ. ಇಷ್ಟ್ ವರ್ಷ ನಾನ ಅಂದೀನಿ. ಒಂದ್ಸಲ ನನಗೂ ಅನ್ಲಿ,” ಎಂದರು.

ಸೋಮವಾರ ಆಸ್ಪತ್ರೆಯ ಕಾಗದಗಳನ್ನು ಜೆರಾಕ್ಸ್ ಮಾಡಿಸಲು ಅವರ ಹೆಂಡತಿ ಬಂದರು. “ಯಾರೂ ಅನ್ಲಿಲ್ಲ ತಂಗಿ,” ಎಂದರು. ಆಶೀರ್ವಾದ ಎಂಬ ತಲೆಬರಹ ಕಂಡದ್ದೇ ತಡ, ಎಲ್ಲರೂ ಎಂದಿನಂತೆ ಹಾಳೆ ಮಡಚಿ, ಕಣ್ಣು ಮುಚ್ಚಿ, ತಲೆ ತಗ್ಗಿಸಿದರಂತೆ. ಅದರ ಕೆಳಗಿನ ಸಾಲು ಒಳಗೆ ಸರಿದದ್ದನ್ನು ನೋಡಿದವರೇ ಇಲ್ಲ. ಬಹಳ ಹೊತ್ತು ಪಾಸ್ಟರ ದನಿಗಾಗಿ ಕಾದರಂತೆ. “ಕಣ್ಣು ತಗದು ನೋಡಿದ್ರ ಅವರು ನಮ್ಮನ್ನ ನೋಡ್ಕೋತ ನಿಂತಿದ್ರು. ನಾನೂ ಮುಚ್ಚಿದ್ನೆವ್ವಾ...”

ಮುಂದಿನ ಶನಿವಾರ ಪಾಸ್ಟರು ಬರಲಿಲ್ಲ. ದಾವಣಗೆರೆಯ ಆಸ್ಪತ್ರೆಯಿಂದ ಮರಳಲೂ ಇಲ್ಲ.

ಈಗ ಆ ಚರ್ಚಿನವರು ಆರಾಧನೆಯ ಕ್ರಮವನ್ನು ಅದಕ್ಕೆಂದೇ ಇರುವ ಸಾಫ್ಟ್‌ವೇರಿನಲ್ಲಿ ಮಾಡಿಕೊಳ್ಳುತ್ತಾರೆ. ಯಾರ ಸಾಲು ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಂತೆ. ಹೋದದ್ದು ಹೋಯಿತು, ಯಾವ ಜಾಣತನದಿಂದಲೂ ಆ ಭಾನುವಾರವನ್ನು ಸರಿಮಾಡಲು ಬರುವುದಿಲ್ಲ. ಪಾಸ್ಟರ ಹೆಂಡತಿ ಈಗಲೂ ಆರಾಧನೆಗೆ ಹೋಗುತ್ತಾರೆ. ಆಶೀರ್ವಾದದ ಹೊತ್ತಿಗೆ ಎಲ್ಲರೂ ತಲೆ ತಗ್ಗಿಸಿದರೆ, ಆಕೆಯೊಬ್ಬರು ಮಾತ್ರ ಕಣ್ಣು ತೆರೆದೇ ನಿಂತಿರುತ್ತಾರೆ.