ಅತ್ತೆಗೆ ಹೇಳದ ಗುಳಿಗೆ

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳಲ್ಲಿ ನನ್ನನ್ನು ಲಕ್ಷ್ಮೇಶ್ವರದಿಂದ ಮುಂಡರಗಿಗೆ ಮದುವೆ ಮಾಡಿಕೊಟ್ಟರು. ಕಾಲೇಜಿನಲ್ಲಿದ್ದಾಗ ನನಗೆ ಮನಸ್ಸಿನ ಕಾಯಿಲೆ ಬಂದಿತ್ತು. ಕೆಲವು ವಾರ ನಿದ್ದೆ ಬೇಡ, ಊಟ ಬೇಡ, ಮಾತಿಗೆ ಕೊನೆಯಿಲ್ಲ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲಾಗದಷ್ಟು ಭಾರ. ಧಾರವಾಡದ ವೈದ್ಯರು ಅದನ್ನು ಬೈಪೋಲಾರ್ ಎಂದು ಕರೆದು, ಗುಳಿಗೆ ಬಿಡಬಾರದು ಎಂದಿದ್ದರು. ಗಂಡಿನ ಕಡೆಯವರಿಗೆ ಅಪ್ಪ ಇದನ್ನು ಹೇಳಲಿಲ್ಲ. ಹೊರಡುವಾಗ ಅವ್ವ ಗುಳಿಗೆಗಳನ್ನು ಹೊಲಿಗೆ ಡಬ್ಬಿಯ ತಳದಲ್ಲಿಟ್ಟು, "ಯಾರರ ಕೇಳಿದ್ರ ತಲಿನೋವಿನವು ಅನ್ನು" ಎಂದಳು. ಹಬ್ಬಕ್ಕೆ ತವರಿಗೆ ಹೋದಾಗಲೆಲ್ಲ ಆ ಡಬ್ಬಿ ತುಂಬಿಸಿ ಕಳಿಸುತ್ತಿದ್ದಳು.

ನನ್ನ ಮುಟ್ಟಿಗೆ ಲೆಕ್ಕವೇ ಇರಲಿಲ್ಲ. ಎರಡು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ. ಮೈ ದಪ್ಪವಾಯಿತು. ಗದ್ದದ ಮೇಲೆ ಕೂದಲು ಮೂಡಿತು. ಬಚ್ಚಲಿನ ಬಾಗಿಲು ಹಾಕಿಕೊಂಡು ಚಿಮಟಿಗೆಯಿಂದ ಕೀಳುತ್ತಿದ್ದೆ. ಎರಡು ವರ್ಷವಾದರೂ ಬಸಿರಾಗದಿದ್ದಾಗ ಅತ್ತೆ ಗದಗಿನ ಲೇಡಿ ಡಾಕ್ಟರ್ ಹತ್ತಿರ ಕರೆದೊಯ್ದರು. ಸ್ಕ್ಯಾನ್ ನೋಡಿದ ಅವರು, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆಗಳಿವೆ, ಇದಕ್ಕೆ ಪಿಸಿಓಎಸ್ ಅಂತಾರೆ ಎಂದರು.

"ಬ್ಯಾರೆ ಏನರ ಗುಳಿಗಿ ತಗೋತೀಯೇನವಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಏನೂ ಇಲ್ರಿ. ಗಟ್ಟಿಮುಟ್ಟ ಅದಾಳ" ಎಂದರು. ನಾನು ಸೆರಗಿನ ತುದಿ ಸುತ್ತುತ್ತ ಕುಳಿತೆ.

ಮಗುವಾಗಬೇಕಾದರೆ ಆ ಗುಳಿಗೆ ಬಿಡಬೇಕೇನೋ ಎಂದುಕೊಂಡು ನಾನೇ ನಿಲ್ಲಿಸಿದೆ. ಯಾರನ್ನು ಕೇಳಲಿ? ಧಾರವಾಡಕ್ಕೆ ಒಬ್ಬಳೇ ಹೋಗುವಂತಿರಲಿಲ್ಲ. ಮನೆಯ ಫೋನು ಅತ್ತೆಯ ಮಂಚದ ಪಕ್ಕದಲ್ಲೇ ಇತ್ತು.

ಮೂರನೆಯ ವಾರಕ್ಕೆ ಮೈಯೆಲ್ಲ ಹಗುರಾಯಿತು. ಓಣಿಯ ಹೆಂಗಸರ ಜಂಪರುಗಳನ್ನೆಲ್ಲ ಹೊಲಿದು ಹಾಕಿದೆ. ಅತ್ತೆಯ ಮದುವೆಯ ಇಳಕಲ್ ಸೀರೆ ಕತ್ತರಿಸಿ ಪಕ್ಕದ ಮನೆಯ ಹುಡುಗಿಯರಿಗೆ ಲಂಗ ಮಾಡಿದೆ. ಒಂದು ಮಧ್ಯಾಹ್ನ ಬರಿಗಾಲಲ್ಲಿ ಹೋಗಿ ಶಿರಹಟ್ಟಿಯ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ನಗುತ್ತಲೇ ಇದ್ದೆ. ಸುದ್ದಿ ತಿಳಿದ ಗಂಡ ಮೋಟಾರ್ ಸೈಕಲ್ಲಿನಲ್ಲಿ ಬೆನ್ನಟ್ಟಿ ಬಂದು ಇಳಿಸಿಕೊಂಡರು.

"ಏನಾಗೈತಿ ನಿನಗ?" ಎನ್ನುತ್ತ ತಮ್ಮ ಚಪ್ಪಲಿ ಬಿಚ್ಚಿ ನನ್ನ ಕಾಲ ಮುಂದಿಟ್ಟರು.

ಮರುದಿನ ಗಂಡ, ಅತ್ತೆ ಇಬ್ಬರೂ ಸೇರಿ ನನ್ನನ್ನು ಗದಗಿನ ಅದೇ ಡಾಕ್ಟರ ಬಳಿ ಕರೆದೊಯ್ದರು. ಅತ್ತೆ ಮಾತು ತೆಗೆಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಡಾಕ್ಟರ್ ಪೆನ್ನು ಕೆಳಗಿಟ್ಟರು.

"ಮನಸ್ಸಿನ ಜಡ್ಡು, ಪಿಸಿಓಎಸ್ ಎರಡೂ ಒಬ್ಬಾಕಿಗೇ ಇರೂದು ನಾ ಮೊದಲೂ ನೋಡೀನಿ. ನೀ ತಗೋಳೊ ಗುಳಿಗಿಂದನೂ ಮುಟ್ಟು ಏರುಪೇರಾಗತೈತಿ, ಮೈ ಬರತೈತಿ. ಬಸಿರಿಗಂತೂ ಅದು ಛಲೋ ಅಲ್ಲ. ಆದ್ರ ನಿನ್ನಷ್ಟಕ್ಕ ನೀನ ಬಿಡಬಾರದಿತ್ತು. ಅವತ್ತ ಹೇಳಿದ್ರ ಧಾರವಾಡದವರಿಗೆ ಚೀಟಿ ಬರೀತಿದ್ದೆ, ಬದಲಿ ಮಾಡತಿದ್ರು."

ಮುಂಡರಗಿ ಬರುವವರೆಗೂ ಅತ್ತೆ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು. ಇಳಿಯುವಾಗ, "ನಿಮ್ಮಪ್ಪಗ ನಮ್ಮ ಬಾಗಲಕ್ಕ ಬರಬ್ಯಾಡ ಅನ್ನು" ಎಂದರು.

ಧಾರವಾಡದಲ್ಲಿ ಗುಳಿಗೆ ಬದಲಾಯಿತು. ನಿದ್ದೆ ಮರಳಿತು, ಮುಟ್ಟೂ ಮೆಲ್ಲಗೆ ಹದಕ್ಕೆ ಬಂತು. ಗಂಡ ನನ್ನನ್ನು ಬಿಡಲಿಲ್ಲ. ಆದರೆ ಗುಳಿಗೆಗಳು ಅತ್ತೆಯ ಕಪಾಟು ಸೇರಿದವು. ಊಟವಾದ ಮೇಲೆ ಒಂದನ್ನು ಕೈಗಿತ್ತು, ನುಂಗುವವರೆಗೂ ಎದುರು ನಿಲ್ಲುತ್ತಿದ್ದರು. ನಾಲಿಗೆ ಎತ್ತಿ ತೋರಿಸಬೇಕಿತ್ತು.

ಒಂದು ದಿನ ಮನೆಗೆ ಬಂದ ನೆಂಟರ ಮಾತಿಗೆ ಎಲ್ಲರೂ ನಕ್ಕರು. ನನ್ನ ನಗು ಸ್ವಲ್ಪ ಉದ್ದವಾಯಿತು.

"ಗುಳಿಗಿ ಖರೇನ ನುಂಗಿದ್ದೀ ಇಲ್ಲ?" ಎಂದರು ಅತ್ತೆ, ಎಲ್ಲರೆದುರಿಗೆ.

ನುಂಗಿದ್ದೆ. ಆದರೂ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದು ಹೋದೆ.