ಲಿಂಗರಾಜರ ಗ್ಯಾಸು

ಹೃದಯ ಬಡಿಯುವುದು ವಿದ್ಯುತ್ತಿನಿಂದ; ಅದರ ದಾರಿ ಕೆಟ್ಟರೆ ಸೋಡಾ ಕುಡಿದು ಸರಿಮಾಡಲಾಗದು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರ್ ಲಿಂಗರಾಜರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಪಾರ್ಟ್‌ಮೆಂಟ್ ಸೊಸೈಟಿಯ ಲಿಫ್ಟ್ ಒಮ್ಮೆ ತಡವರಿಸಿದರೆ ಸಾಕು, ಟೆಸ್ಟರ್ ಹಿಡಿದು ಓಡುತ್ತಾರೆ. "ಬಂದು ಹೋಗೋ ದೋಷವನ್ನೇ ಮೊದಲು ಹಿಡೀಬೇಕು, ಅದು ಹೇಳದೆ ಕೇಳದೆ ಕೊಲ್ಲುತ್ತೆ" ಎಂದು ಸೆಕ್ರೆಟರಿಯನ್ನು ಗದರುತ್ತಾರೆ. ಪಕ್ಕದ ಮನೆಯ ಮಿಕ್ಸಿ ಗೊರಗುಟ್ಟಿದರೆ ಗೋಡೆಯ ಈಚೆಯಿಂದಲೇ ಅದರ ರೋಗ ಹೇಳುತ್ತಾರೆ. ತಮಗೇ ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೆ ಕುಸಿದರೆ ಮಾತ್ರ, "ಗ್ಯಾಸ್ ಕಣೇ, ಆ ಕಡಲೆಹಿಟ್ಟಿನ ಕರಿದ ಫಾಫಡಾದ್ದೇ ಆಟ." "ಫಾಫಡಾ ತಿಂದು ಎರಡು ವಾರ ಆಯ್ತಲ್ರೀ!" ಎಂದು ಹೆಂಡತಿ ಅನಸೂಯಮ್ಮ ಅಂದರೆ, "ಹಾಗಾದ್ರೆ ನಿನ್ನ ಉಪ್ಪಿಟ್ಟು." ಇಸಿಜಿ ಎಂಬ ಮಾತು ಕಿವಿಗೆ ಬಿದ್ದರೆ ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಟೇಬಿಡುತ್ತಾರೆ. ಹೀಗೇ ಒಂದು ದಿನ ಒಗೆಯಲು ತೆಗೆದ ಅಂಗಿಯ ಜೇಬಿನಲ್ಲಿ ಅನಸೂಯಮ್ಮನಿಗೆ ಪುಟ್ಟ ಡೈರಿ ಸಿಕ್ಕಿತು. ತಲೆ ಸುತ್ತಿದ ಪ್ರತಿ ಸಲದ ತಾರೀಖು, ಗಂಟೆ, ನಿಮಿಷಕ್ಕೆ ಅರವತ್ತಾದರೂ ಇರಬೇಕಾದ ನಾಡಿಯ ಎಣಿಕೆ: ನಲವತ್ತು, ಮೂವತ್ತೆಂಟು, ಮೂವತ್ತನಾಲ್ಕು. ಕೆಳಗೆ ಅದೇ ದುಂಡಕ್ಷರದಲ್ಲಿ, "ಪೇಸ್‌ಮೇಕರ್ ಬೇಕಾದೀತು. ಅನಸೂಯಳಿಗೆ ಹೇಳಬಾರದು, ಹೆದರುತ್ತಾಳೆ." ಆಕೆ ಹೆದರುತ್ತಾ ಕೂರದೆ ಆಟೋ ಕರೆದರು: "ಹತ್ತಿ ಕೂತ್ಕೊಳ್ರೀ, ಬಂದು ಹೋಗೋ ದೋಷವನ್ನೇ ಮೊದಲು ಹಿಡೀಬೇಕು." ಈಗ ಲಿಂಗರಾಜರ ಕೊರಳೆಲುಬಿನ ಕೆಳಗೆ ಪುಟ್ಟದೊಂದು ಯಂತ್ರ ಕೂತಿದೆ, ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಿಯೇ ಹೋಗಿ ಸೆಕ್ರೆಟರಿಯನ್ನು ಬೈದು ಬರುತ್ತಾರೆ. ತಿಳಿದವರ ಇಂಥ ಹೇಡಿತನಕ್ಕೆ ಪ್ರೀತಿ ಎಂದು ಹೆಸರಿಟ್ಟು ಸುಮ್ಮನಿರಬೇಡಿ. ನಿಮ್ಮ ಮನೆಯಲ್ಲೂ ಒಬ್ಬರು ಗ್ಯಾಸಿನವರಿದ್ದಾರೆ. ಓದಿದ್ದು ಸಾಕು, ಎದ್ದು ಹೋಗಿ ಅವರ ನಾಡಿ ಹಿಡಿಯಿರಿ, ಇವತ್ತೇ ಇಸಿಜಿ ಮಾಡಿಸಿ.