ಹುಣಸೆಹಣ್ಣಿನಲ್ಲಿ ತೊಳೆದ ಕಾಸು

ಕ್ರಿಸ್ಮಸ್ ಹತ್ತಿರ ಬಂತೆಂದು ನಿನ್ನೆ ದೇವರ ಪೀಠದ ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡುಗಳನ್ನು ಸಿಂಕಿಗೆ ಹಾಕಿ ಹುಣಸೆಹಣ್ಣು ಕಿವುಚಿದೆ. ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಪಕ್ಕದ ಮನೆಯ ಅಂಕಲ್ ನೆನಪಾದರು...

ನಾವು ಮಂಗಳೂರಿನಿಂದ ಕಡಲು ದಾಟಿ ಈ ದೇಶಕ್ಕೆ ಬಂದು ಬ್ರಿಕ್‌ಫೀಲ್ಡ್ಸ್‌ನಲ್ಲಿ ಫ್ಲ್ಯಾಟ್ ಹಿಡಿದ ಹೊಸತು. ಅಂಕಲ್ ಮಲಕ್ಕಾದ ತಮಿಳರು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಸೇರಿಸುವವರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು. ಅಂಗಿಯ ಜೇಬಿನಲ್ಲಿ ಸದಾ ಒಂದು ತಾಮ್ರದ ಕಾಸು, ಡಚ್ಚರು ಮಲಕ್ಕಾವನ್ನು ಆಳುತ್ತಿದ್ದ ಕಾಲದ್ದು. ದೋಣಿಗಳಿಂದ ಮೂಟೆ ಇಳಿಸುತ್ತಿದ್ದ ಅವರ ಅಪ್ಪನಿಗೆ ಹೊಳೆಯ ಕೆಸರಿನಲ್ಲಿ ಸಿಕ್ಕಿದ್ದಂತೆ. ಆ ಕಾಲದಲ್ಲಿ ಹಡಗುಗಟ್ಟಲೆ ಮೆಣಸಿನ ವ್ಯಾಪಾರಕ್ಕೆ ಬೆಳ್ಳಿ, ಮೂಟೆ ಹೊತ್ತವನ ಮೀನು-ಸೊಪ್ಪಿಗೆ ಈ ತಾಮ್ರ ಎಂದು ಅಂಕಲ್ ನಗುತ್ತಿದ್ದರು. ಅಪ್ಪನದೊಂದು ಫೋಟೊ ಕೂಡ ಅವರ ಹತ್ತಿರ ಇರಲಿಲ್ಲ. ಇದ್ದದ್ದು ಇದೊಂದೇ. ಮಾತಾಡುವಾಗಲೆಲ್ಲ ಅವರ ಹೆಬ್ಬೆರಳು ಕಾಸಿನ ಅಂಚಿಗೆ ಅಂಟಿ ಕಲ್ಲಾಗಿದ್ದ ಕೆಸರನ್ನು ಸವರುತ್ತಿತ್ತು.

ಅವರ ಬಟ್ಟೆಗಳನ್ನು ನಮ್ಮ ಮೆಷಿನ್ನಿಗೇ ಹಾಕುತ್ತಿದ್ದೆ. ಒಮ್ಮೆ ಅಂಗಿಯ ಜೊತೆ ಕಾಸೂ ಬಂತು. ನೋಡಿದರೆ ಬರೀ ಕಿಲುಬು. ತೆಗೆದಿಟ್ಟು ಸುಮ್ಮನಿರಬಾರದಿತ್ತೇ ನಾನು? ಊರಲ್ಲಿ ಹಬ್ಬಕ್ಕೆ ಪಾತ್ರೆ ಬೆಳಗಿ ಬೆಳಗಿ ರೂಢಿಯಾದ ಕೈ. ಹುಣಸೆಹಣ್ಣು, ಉಪ್ಪು ಹಾಕಿ ತೆಂಗಿನ ನಾರಿನಿಂದ ಗಸಗಸ ಉಜ್ಜಿದೆ. ಕಿಲುಬು ಹೋಯಿತು, ಕೆಸರು ಹೋಯಿತು, ಸವೆದುಳಿದಿದ್ದ ಅಕ್ಷರಗಳೂ ಹೋದವು. ಬೀಗುತ್ತಾ ಹೋಗಿ ಅವರ ಕೈಗಿಟ್ಟೆ. ಕಣ್ಣಿಲ್ಲದವರಿಗೆ ಹೊಳಪು ತೋರಿಸಲು ಹೋದ ಪೆದ್ದಿ.

ಅಂಕಲ್ ಅಂಚನ್ನು ಸವರಿದರು. ತಿರುಗಿಸಿ ಇನ್ನೊಮ್ಮೆ ಸವರಿದರು.

"ಇದು ನಮ್ಮಪ್ಪಂದಲ್ಲ ಲಾ."

ಅದೇ ಕಾಸು, ನಾನೇ ತೊಳೆದೆ ಎಂದು ಗೋಗರೆದೆ. ನಂಬಲಿಲ್ಲ. ನಿಜವಾದದ್ದು ಒಗೆಯುವಾಗ ಕಳೆದಿದೆ, ಸಮಾಧಾನಕ್ಕೆಂದು ಇವಳು ಹಳೇ ನಾಣ್ಯದ ಅಂಗಡಿಯಿಂದ ಬೇರೆ ತಂದಿದ್ದಾಳೆ ಎಂದೇ ತಿಳಿದರು. "ಪರವಾಗಿಲ್ಲಮ್ಮಾ, ಇದನ್ನ ನೀನೇ ಇಟ್ಕೋ," ಎಂದು ನನ್ನ ಮುಷ್ಟಿ ಮುಚ್ಚಿಸಿದರು. ಬೈದಿದ್ದರೂ ಆಗುತ್ತಿತ್ತು. ಆಮೇಲೆ ಎಷ್ಟೋ ದಿನ ಗೋಡೆ ಹಿಡಿದುಕೊಂಡು ಬಂದು ನಮ್ಮ ಮೆಷಿನ್ನಿನ ಅಡಿಗೆ ಕೈಯಾಡಿಸುತ್ತಿದ್ದರು. ನಾನು ಕಾಸು ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದೆ. ಹಾಗೆ ಹುಡುಕುತ್ತಲೇ ಹೋಗಿಬಿಟ್ಟರು...

ಕಾಸು ಈಗ ನಮ್ಮ ದೇವರ ಪೀಠದ ಮೂಲೆಯಲ್ಲಿದೆ, ಮತ್ತೆ ಕಪ್ಪಾಗಿದೆ. ನಿನ್ನೆ ಮಗಳು ಅದನ್ನೂ ಸಿಂಕಿನ ಹತ್ತಿರ ತಂದಳು. "ಮಮ್ಮೀ, ದಿಸ್ ಒನ್ ಆಲ್ಸೋ?"

ಬೇಡ ಎಂದೆ. ದನಿ ಜೋರಾಯಿತೇನೋ, ಮಗು ಬೆಚ್ಚಿತು. ಒದ್ದೆ ಕೈ ಒರೆಸಿಕೊಂಡು ಕಾಸು ಇಸಿದುಕೊಂಡೆ. ಹೆಬ್ಬೆರಳಿನಲ್ಲಿ ಅಂಚು ಸವರಿ ನೋಡಿದೆ. ನುಣ್ಣಗೇ ಇತ್ತು.